ನಲವತ್ತು ಫಾರಂ, ಒಂದೇ ಪೆನ್ನು

ಕಳೆದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ಮೂರು ವರ್ಷ ಅವರು ಬರೆಸಿದ ಸೂತ್ರಗಳಲ್ಲಿ ಅರ್ಧಕ್ಕರ್ಧ ಮರೆತಿದ್ದೇನೆ. ಮರೆಯದೇ ಇರುವುದು ಅವರ ಅಂಗಿ ತೋಳಿನ ಸೀಮೆಸುಣ್ಣದ ಪುಡಿ, ಮತ್ತೆ 1996ರಲ್ಲಿ ನಾವು ಮೂವರು ಮಾಡಿದ ಘನಕಾರ್ಯ.

ಕೊನೇ ವರ್ಷದ ಪ್ರಾಜೆಕ್ಟ್. ಒಂಬತ್ತನೇ ಕ್ಲಾಸಿನ 20 ಹುಡುಗರು, 20 ಹುಡುಗಿಯರಿಂದ ಫಾರಂ ತುಂಬಿಸಬೇಕಿತ್ತು. ನಿದ್ದೆ ಬರುತ್ತಾ, ಕಳೆದ ವಾರ ಅತ್ತಿದ್ದೀಯಾ, ಯಾರನ್ನಾದರೂ ಹೊಡೆದಿದ್ದೀಯಾ, ಇಂಥ ಪ್ರಶ್ನೆಗಳು. ಆ ಬಿಸಿಲಲ್ಲಿ ಯಾರು ಹೋಗ್ತಾರೆ? ಕ್ಯಾಂಟೀನಿನಲ್ಲಿ ಮಂಡಕ್ಕಿ ಮೆಲ್ಲುತ್ತಾ ನಲವತ್ತನ್ನೂ ನಾವೇ ತುಂಬಿದೆವು. ಹುಡುಗಿಯರು ಅಳ್ತಾರೆ, ಹುಡುಗರು ಹೊಡೆದಾಡ್ತಾರೆ, ಅಷ್ಟೇ ಅಲ್ವಾ?

ಮೇಷ್ಟ್ರು ಬೈಯಲಿಲ್ಲ. ಎರಡು ಸರಾಸರಿಗಳ ವ್ಯತ್ಯಾಸ ತೆಗೆದು ಸ್ಟ್ಯಾಂಡರ್ಡ್ ಡೀವಿಯೇಶನ್ನಿನಿಂದ (ಉತ್ತರಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋ ಅಳತೆ) ಭಾಗಿಸಿದರು. 3 ಬಂತು.

"ಗಂಡಸರ, ಹೆಂಗಸರ ಎತ್ತರ ಅಳೆದರೂ ಇದು 2ರ ಆಸುಪಾಸು ಕಣ್ರಯ್ಯಾ. ನಿಮ್ಮ ಮಕ್ಕಳ ಮನಸ್ಸು ಅದಕ್ಕಿಂತ ದೂರವಾ?" ಆಮೇಲೆ ಕಟ್ಟನ್ನು ತಿರುವಿದರು. "ನಲವತ್ತು ಮಕ್ಕಳು, ಒಬ್ಬರೂ ಒಂದು ಪ್ರಶ್ನೆ ಬಿಟ್ಟಿಲ್ಲ. ಎಲ್ಲರದ್ದೂ ಒಂದೇ ಪೆನ್ನು. ಒಬ್ಬನ ಫಾರಮಿಗೆ ಮಂಡಕ್ಕಿ ಎಣ್ಣೆ!"

ಬೋರ್ಡಿನ ಮೇಲೆ ಕೆಂಪು, ಹಸಿರು ಬಣ್ಣದಲ್ಲಿ ಎರಡು ಗುಡ್ಡ ಬರೆದರು, ಹುಡುಗರದ್ದೊಂದು, ಹುಡುಗಿಯರದ್ದೊಂದು; ಯಾವ ಅಂಕಕ್ಕೆ ಜನ ಜಾಸ್ತಿಯೋ ಅಲ್ಲಿ ಗುಡ್ಡ ಎತ್ತರ. ವ್ಯತ್ಯಾಸ 0.2 ಇದ್ದರೆ ಎರಡೂ ಗುಡ್ಡ ನೂರಕ್ಕೆ 92 ಭಾಗ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಆ ಚಿತ್ರ ಇವತ್ತಿಗೂ ಕಣ್ಣ ಮುಂದಿದೆ.

ಮಾರನೇ ದಿನ ಅವರೇ ನಮ್ಮನ್ನು ಬಸ್ಸು ಹತ್ತಿಸಿ ಹೈಸ್ಕೂಲಿಗೆ ಕರೆದುಕೊಂಡು ಹೋದರು. ಕೊನೇ ಬೆಂಚಿನ ಹುಡುಗನೊಬ್ಬ 'ಅತ್ತಿದ್ದೀಯಾ' ಅನ್ನೋದಕ್ಕೆ ಪೆನ್ಸಿಲಿನಲ್ಲಿ 'ಹೌದು' ಅಂತ ಗುರುತು ಹಾಕಿದ. ಪಕ್ಕದವನ ಫಾರಂ ಇಣುಕಿದ. ರಬ್ಬರಿನಲ್ಲಿ ಉಜ್ಜಿ 'ಇಲ್ಲ' ಮಾಡಿದ. ಬಸ್ಸಿನಲ್ಲಿ ವಾಪಸ್ ಬರುವಾಗ ಮೇಷ್ಟ್ರು ಕೇಳಿದರು: "ವ್ಯತ್ಯಾಸ ಅಳೋದ್ರಲ್ಲೋ, ಒಪ್ಪಿಕೊಳ್ಳೋದ್ರಲ್ಲೋ?" ಒಂದೇ ಪ್ರಶ್ನೆ ಇಬ್ಬರಲ್ಲೂ ಒಂದನ್ನೇ ಅಳೆಯುವುದಕ್ಕೆ ಮೆಷರ್‌ಮೆಂಟ್ ಇನ್ವೇರಿಯನ್ಸ್ ಅಂತಾರೆ. ಆ ಹೆಸರು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ.

ಈಗ ನನ್ನ ಕೈಕೆಳಗೆ ಮೂವತ್ತು ಜನ ಇದೇ ಲೆಕ್ಕದ ಕೆಲಸ ಮಾಡ್ತಾರೆ (ಹೇಳಿಕೊಳ್ಳಬಾರದು, ಆದರೂ). ಬಟನ್ ಒತ್ತಿ, ಪಿ-ವ್ಯಾಲ್ಯೂ (ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣೋ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದರೆ ಕುಣಿದಾಡ್ತಾರೆ. ಲಕ್ಷ ಜನರ ಡೇಟಾ ಇದ್ದರೆ ಧೂಳಿನಷ್ಟು ವ್ಯತ್ಯಾಸಕ್ಕೂ ಪಿ-ವ್ಯಾಲ್ಯೂ ಕಡಿಮೆ ಅನ್ನೋ ಸ್ಟಾರ್ ಗುರುತು ಬರುತ್ತೆ. ನಾನು ಎರಡು ಗುಡ್ಡ ಬರೆದು ತೋರಿಸ್ತೀನಿ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್, ಒಂದೇ ವಿಷಯದ ಹಲವು ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದ 46 ಮೆಟಾ-ಅನಾಲಿಸಿಸ್‌ಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಗಂಡು-ಹೆಣ್ಣಿನ ವ್ಯತ್ಯಾಸಗಳಲ್ಲಿ ನೂರಕ್ಕೆ 78 ಸಣ್ಣವು ಇಲ್ಲವೇ ಸೊನ್ನೆಯ ಹತ್ತಿರದವು. ಮೇಷ್ಟ್ರು ಕೇಳಿದ್ದರೆ "ನಾನು ಹೇಳಿರಲಿಲ್ವೇ" ಅಂತಿದ್ದರು. ಈಗಿನ ಕಾಲೇಜು ಮಕ್ಕಳು ಸಿದ್ಧ ಡೇಟಾ ಇಳಿಸಿಕೊಂಡು ಪ್ರಾಜೆಕ್ಟ್ ಮುಗಿಸ್ತಾರೆ. ರಬ್ಬರಿನಲ್ಲಿ ಉಜ್ಜಿದ ಗುರುತು ಅದರಲ್ಲಿ ಎಲ್ಲಿ ಕಾಣಬೇಕು?

ನಮ್ಮ ಎರಡನೇ ಸಲದ ಲೆಕ್ಕದಲ್ಲಿ ವ್ಯತ್ಯಾಸ 0.3ಕ್ಕೆ ಇಳಿದಿತ್ತು. ಇಪ್ಪತ್ತಿಪ್ಪತ್ತು ಮಕ್ಕಳಿಟ್ಟುಕೊಂಡು ಅದನ್ನೂ ನಂಬೋ ಹಾಗಿಲ್ಲ ಅಂತ ನಾನೇ ಬರೆದೆ. ಆ ಸಾಲಿನ ಪಕ್ಕ ಮೇಷ್ಟ್ರು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ರೈಟ್ ಹಾಕಿದ್ದರು. ಮಾರ್ಕ್ಸ್ ಮಾತ್ರ 25ಕ್ಕೆ 19. ಇನ್ನೆರಡು ಬರಬೇಕಿತ್ತು, ಬಿಡಿ.