ಗಡುವು ಭಾನುವಾರ ರಾತ್ರಿ 11:59ಕ್ಕೆ

ಕೆಲಸ ಮಾಡುತ್ತಾ ಆನ್‌ಲೈನ್‌ನಲ್ಲಿ ಪದವಿ ಓದುವವರಿಗೆಲ್ಲ ಈ ಭಾನುವಾರ ಚೆನ್ನಾಗಿ ಗೊತ್ತು. ಅಸೈನ್‌ಮೆಂಟ್ ಸಲ್ಲಿಸಲು ರಾತ್ರಿ 11:59ರವರೆಗೆ ಸಮಯವಿರುತ್ತದೆ. ಬೆಳಿಗ್ಗೆ ಏಳುವಾಗ ಇಡೀ ದಿನ ಕೈಯಲ್ಲಿದೆ ಅನ್ನಿಸುತ್ತದೆ. ಸಂಜೆ ಆರಾದರೂ ಎರಡನೇ ಪುಟ ದಾಟಿರುವುದಿಲ್ಲ. ಸೋಮಾರಿತನವೇ ಇದಕ್ಕೆ ಕಾರಣ ಎಂದು ತಮ್ಮನ್ನು ತಾವೇ ಬೈದುಕೊಳ್ಳುವವರು ಬಹಳ ಜನ. ಹೆಚ್ಚಿನ ಸಲ ಎಡವಟ್ಟಾಗಿರುವುದು ಸೆಮಿಸ್ಟರ್ ಶುರುವಾಗುವ ಮೊದಲು ಹಾಕದೇ ಬಿಟ್ಟ ಗಂಟೆಗಳ ಲೆಕ್ಕದಲ್ಲಿ.

ಆ ಲೆಕ್ಕ ಕಷ್ಟದ್ದೇನಲ್ಲ. ಯುರೋಪಿನ ವಿಶ್ವವಿದ್ಯಾಲಯಗಳು ಓದಿನ ಹೊರೆ ಅಳೆಯಲು ಬಳಸುವ ಇಸಿಟಿಎಸ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಗಳ ದುಡಿಮೆ. ಹಾಗಾಗಿ 5 ಕ್ರೆಡಿಟ್‌ನ ಒಂದು ಕೋರ್ಸ್‌ಗೆ 125ರಿಂದ 150 ಗಂಟೆ ಬೇಕು. ಅದನ್ನು 15 ವಾರಗಳಿಗೆ ಹಂಚಿದರೆ ವಾರಕ್ಕೆ ಸುಮಾರು 8ರಿಂದ 10 ಗಂಟೆ ಬರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಪ್ರತಿ ಕ್ರೆಡಿಟ್‌ಗೆ ವಾರಕ್ಕೆ ಒಂದು ಗಂಟೆ ಪಾಠ, ಪಾಠದ ಹೊರಗೆ ಕನಿಷ್ಠ ಎರಡು ಗಂಟೆ ಓದು. 3 ಕ್ರೆಡಿಟ್‌ನ ಕೋರ್ಸ್‌ಗೆ ವಾರಕ್ಕೆ 9 ಗಂಟೆ. ಎರಡು ದಾರಿಯಲ್ಲಿ ಹೋದರೂ ತಲುಪುವುದು ಒಂದೇ ಕಡೆ. ಈಗ ವಾರದ 168 ಗಂಟೆಗಳಲ್ಲಿ ನಿದ್ದೆಗೆ 56, ಕೆಲಸಕ್ಕೆ 45 ಕಳೆಯಿರಿ. ಉಳಿಯುವ 67ರಲ್ಲಿ ಓಡಾಟ, ಅಡುಗೆ, ಮಕ್ಕಳು, ಹಿರಿಯರು, ಬಟ್ಟೆಬರೆ ಎಲ್ಲವೂ ಆಗಬೇಕು. ತಲೆ ಓಡುವ ಸ್ಥಿತಿಯಲ್ಲಿ 20 ಗಂಟೆ ಉಳಿದರೆ ಅದೇ ದೊಡ್ಡದು. ಎರಡು ಕೋರ್ಸ್‌ಗೇ ಅದು ಮುಗಿದುಹೋಗುತ್ತದೆ. ಮೊದಲ ಸೆಮಿಸ್ಟರ್‌ಗೆ ಒಂದೇ ಕೋರ್ಸ್ ತೆಗೆದುಕೊಳ್ಳಿ ಎಂದು ನಾವು ಕೇಳಿದವರಿಗೆಲ್ಲ ಹೇಳುತ್ತೇವೆ. ಬೇಗ ಮುಗಿಸುವ ಆಸೆಯಿಂದ ನಾಲ್ಕು ತೆಗೆದುಕೊಂಡರೆ ಎರಡನೇ ನೌಕರಿಯನ್ನೇ ಮೈಮೇಲೆ ಎಳೆದುಕೊಂಡಂತೆ. ಇನ್ನೊಂದು ಎಚ್ಚರ: ಕೆಲವು ಕೋರ್ಸ್‌ಗಳು 15 ವಾರದ ಪಾಠವನ್ನು 8 ವಾರಕ್ಕೆ ಇಳಿಸಿರುತ್ತವೆ. ವಾರ ಕಡಿಮೆಯಾದರೂ ಗಂಟೆಗಳು ಕಡಿಮೆಯಾಗುವುದಿಲ್ಲ, ವಾರದ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಗಂಟೆ ಎತ್ತಿಟ್ಟರೂ ಅವು ಸೋರಿಹೋಗುವ ಜಾಗವೊಂದಿದೆ, ಅದು ವಿಡಿಯೊ ಪಾಠ. ಒಂದು ಗಂಟೆಯ ಪಾಠವನ್ನು 1.5 ವೇಗದಲ್ಲಿ ಹಾಕಿದರೆ 40 ನಿಮಿಷದಲ್ಲಿ ಮುಗಿಯುತ್ತದೆ, ನೋಡಿದ ತೃಪ್ತಿಯೂ ಸಿಗುತ್ತದೆ. ಮರುದಿನ ಖಾಲಿ ಹಾಳೆ ಇಟ್ಟುಕೊಂಡು ಏನೇನು ನೆನಪಿದೆ ಎಂದು ಬರೆಯಲು ಕೂತರೆ ಐದು ಸಾಲೂ ಹೊರಡುವುದಿಲ್ಲ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ಪ್ರಯೋಗ ಮಾಡಿ ತೋರಿಸಿದ್ದ. ಬಿಡುವು ಕೊಟ್ಟು ಮತ್ತೆ ಮತ್ತೆ ಓದಿದರೆ ಹೆಚ್ಚು ಉಳಿಯುತ್ತದೆ ಎಂಬುದೂ ಅವನ ಪ್ರಯೋಗಗಳಿಂದಲೇ ಗೊತ್ತಾಯಿತು. ಕೆಲಸದವರಿಗೆ ಇದು ಒಳ್ಳೆಯ ಸುದ್ದಿ. ಭಾನುವಾರ ಆರು ಗಂಟೆ ಒಟ್ಟಿಗೆ ಕೂರುವುದಕ್ಕಿಂತ ನಾಲ್ಕು ದಿನ ಒಂದೂವರೆ ಗಂಟೆ ಕೂತರೆ ತಲೆಗೆ ಹೆಚ್ಚು ಹತ್ತುತ್ತದೆ. ಆ ಒಂದೂವರೆ ಗಂಟೆ ಕೆಲಸಕ್ಕೆ ಹೋಗುವ ಮೊದಲು ಸಿಕ್ಕರೆ ಉತ್ತಮ. ಲೆಕ್ಕ ಬಿಡಿಸುವುದು, ಕೋಡ್ ಬರೆಯುವುದು, ಪ್ರಬಂಧದ ಹೊಸ ಭಾಗ ಬರೆಯುವುದು ಎಲ್ಲ ಆಗಲೇ ಆಗಬೇಕು. ದಣಿದು ಬಂದ ಸಂಜೆಗೆ ಹಗುರ ಕೆಲಸ ಇಡಿ: ಆಕರಗಳನ್ನು ಡೌನ್‌ಲೋಡ್ ಮಾಡುವುದು, ಟಿಪ್ಪಣಿ ಜೋಡಿಸುವುದು, ಚರ್ಚಾ ವೇದಿಕೆಯಲ್ಲಿ ಇತರರ ಉತ್ತರ ಓದುವುದು. ಪ್ರಯಾಣದ ಹೊತ್ತಿನಲ್ಲಿ ಹೊಸ ಪಾಠ ಕೇಳಿದರೆ ಹಿಡಿತಕ್ಕೆ ಸಿಗುವುದಿಲ್ಲ, ಒಮ್ಮೆ ನೋಡಿದ ಪಾಠವನ್ನೇ ಮತ್ತೆ ಕೇಳಲು ಅದು ಸರಿಯಾದ ಸಮಯ. ರಾತ್ರಿ ಪಾಳಿಯವರು ಈ ಕ್ರಮವನ್ನು ತಿರುವುಮುರುವು ಮಾಡಿಕೊಳ್ಳಬೇಕು. ಪಾಳಿ ಮುಗಿಸಿ ಬಂದು ಕೂರುವುದಕ್ಕಿಂತ ನಿದ್ದೆ ಮುಗಿಸಿ ಕೂರುವುದು ಮೇಲು.

ಹಾಗಾದರೆ ಆ ಭಾನುವಾರದ ತಯಾರಿ ಯಾವಾಗ? ಪ್ರಶ್ನೆ ಕೈಸೇರಿದ ದಿನವೇ. ಪ್ರಶ್ನೆಗಿಂತ ಮೊದಲು ರೂಬ್ರಿಕ್, ಅಂದರೆ ಅಂಕ ಹಂಚುವ ಕೋಷ್ಟಕವನ್ನು ಓದಬೇಕು. ವಿಶ್ಲೇಷಣೆಗೆ 40, ಆಕರಗಳ ಬಳಕೆಗೆ 20, ಪರಿಚಯಕ್ಕೆ 5 ಎಂದಿದ್ದರೆ ಪರಿಚಯಕ್ಕಾಗಿ ಒಂದಿಡೀ ಸಂಜೆ ಕಳೆಯುವುದು ದುಬಾರಿ. ಕೋಷ್ಟಕದ ಪ್ರತಿ ಸಾಲನ್ನೂ ಉಪಶೀರ್ಷಿಕೆಯಾಗಿ ಖಾಲಿ ಫೈಲ್‌ನಲ್ಲಿ ಬರೆದು, ಪ್ರತಿಯೊಂದರ ಪಕ್ಕ ಪದಗಳ ಮಿತಿ ಹಾಕಿಟ್ಟರೆ ಬರೆಯುವ ಕೆಲಸ ತುಂಡುತುಂಡಾಗಿ ಮಾಡಲು ಸಿಗುತ್ತದೆ. ಒಂದು ಬೆಳಿಗ್ಗೆಗೆ ಒಂದು ತುಂಡು ಸಾಕು. ಆಕರಗಳನ್ನು ಝೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಓದುವಾಗಲೇ ಸೇರಿಸಿಕೊಳ್ಳಿ. ಕೊನೇ ರಾತ್ರಿ ಪುಟಸಂಖ್ಯೆ ಹುಡುಕಿಕೊಂಡು ಅಲೆಯುವುದು ತಪ್ಪುತ್ತದೆ. ಚರ್ಚಾ ವೇದಿಕೆಗೆ ಉದ್ದದ ಉತ್ತರ ಬರೆಯುವುದಿದ್ದರೆ ಬೇರೆ ಫೈಲ್‌ನಲ್ಲಿ ಬರೆದು ಆಮೇಲೆ ಅಂಟಿಸಿ. ಪೋರ್ಟಲ್‌ನ ಪೆಟ್ಟಿಗೆಯಲ್ಲೇ ಟೈಪ್ ಮಾಡುತ್ತಾ ನಡುವೆ ಆಫೀಸಿನ ಕರೆಗೆ ಎದ್ದುಹೋದರೆ, ಬರುವಷ್ಟರಲ್ಲಿ ಲಾಗಿನ್ ಅವಧಿ ಮುಗಿದು ಬರೆದದ್ದೆಲ್ಲ ಹೋಗಿರಬಹುದು.

ಕಚ್ಚಾ ಪ್ರತಿ ಶುಕ್ರವಾರ ರಾತ್ರಿಗೆ ಮುಗಿದಿರಬೇಕು. ಈ ಒಂದು ನಿಯಮದಲ್ಲಿ ರಾಜಿ ಬೇಡ. ಶನಿವಾರ ಇರುವುದು ತಿದ್ದಲಿಕ್ಕೆ ಮತ್ತು ಹೋಲಿಕೆ ವರದಿ, ಅಂದರೆ ನಿಮ್ಮ ಬರಹ ಬೇರೆ ಬರಹಗಳನ್ನು ಎಲ್ಲೆಲ್ಲಿ ಹೋಲುತ್ತದೆ ಎಂಬ ವರದಿ, ನೋಡಲಿಕ್ಕೆ. ಆ ವರದಿ ಕೊಡುವ ಟರ್ನಿಟಿನ್ ತಂತ್ರಾಂಶದಲ್ಲಿ ಮರುಸಲ್ಲಿಕೆಗೆ ಅವಕಾಶವಿದ್ದರೂ ಮೂರು ಮರುಸಲ್ಲಿಕೆ ಆದ ಮೇಲೆ ಹೊಸ ವರದಿಗೆ 24 ಗಂಟೆ ಕಾಯಬೇಕು. ಭಾನುವಾರ ಸಂಜೆ ಮೊದಲ ಬಾರಿ ವರದಿ ತೆರೆದವರಿಗೆ ಅಷ್ಟು ಹೊತ್ತು ಇರುವುದಿಲ್ಲ. ವರದಿಯ ಶೇಕಡಾವಾರು ನೋಡಿಯೇ ಹೆದರಬೇಕಿಲ್ಲ. ಉದ್ಧರಣೆ ಚಿಹ್ನೆಯೊಳಗಿನ ಮಾತು, ಆಕರಗಳ ಪಟ್ಟಿ, ಅಸೈನ್‌ಮೆಂಟ್‌ನ ಪ್ರಶ್ನೆ ಇವೆಲ್ಲ ಹೋಲಿಕೆಯಾಗಿ ಎಣಿಕೆಗೆ ಬರಬಹುದು. ನೋಡಬೇಕಾದದ್ದು ಬಣ್ಣ ಬಳಿದ ಸಾಲುಗಳನ್ನು. ಆಕರ ಹೇಳದೆ ಹೆಚ್ಚುಕಡಿಮೆ ಹಾಗೇ ಇಳಿದುಬಂದ ಸಾಲು ಒಂದೇ ಇದ್ದರೂ ತಿದ್ದಲೇಬೇಕು.

ಇನ್ನು ಭಾನುವಾರ. ಮೊದಲು ನೋಡಬೇಕಾದದ್ದು 11:59 ಎಂದರೆ ಯಾವ ಊರಿನ 11:59 ಎಂಬುದನ್ನು. ಬೇರೆ ದೇಶದ ವಿಶ್ವವಿದ್ಯಾಲಯವಾದರೆ ಗಡುವು ಅಲ್ಲಿನ ಸಮಯಕ್ಕೋ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕೋ ಕಟ್ಟಿಕೊಂಡಿರಬಹುದು. ಪೋರ್ಟಲ್‌ನ ನಿಮ್ಮ ಪ್ರೊಫೈಲ್‌ನಲ್ಲಿ ಸಮಯವಲಯ ತಪ್ಪಾಗಿದ್ದರೆ ಪರದೆಯ ಮೇಲಿನ ಹೊತ್ತೂ ತಪ್ಪಾಗಿಯೇ ಕಾಣುತ್ತದೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶವಾದರೆ ಸೆಮಿಸ್ಟರ್ ನಡುವೆಯೇ ನಿಮ್ಮ ಊರಿನ ಲೆಕ್ಕದಲ್ಲಿ ಗಡುವು ಒಂದು ಗಂಟೆ ಸರಿದಿರುತ್ತದೆ. ಎರಡನೆಯದು ಫೈಲ್. ವರ್ಡ್‌ನಿಂದ ಪಿಡಿಎಫ್ ಮಾಡಿದ ಮೇಲೆ ಅದನ್ನು ಮತ್ತೆ ತೆರೆದು ಪ್ರತಿ ಪುಟ ನೋಡಬೇಕು. ಸಮೀಕರಣ ಚೌಕಗಳಾಗಿರುವುದು, ಕೋಷ್ಟಕದ ಕೊನೆಯ ಸಾಲು ಕತ್ತರಿಸಿಹೋಗಿರುವುದು ಅಲ್ಲೇ ಕಾಣುವುದು. ಕೈಬರಹದ ಉತ್ತರವಾದರೆ ಫೋನಿನ ಫೋಟೊಗಳನ್ನೇ ಜೋಡಿಸಬೇಡಿ, ಫೈಲ್ ಗಾತ್ರದ ಮಿತಿ ಸುಲಭವಾಗಿ ದಾಟಿಬಿಡುತ್ತದೆ. ಸ್ಕ್ಯಾನ್ ಆ್ಯಪ್‌ನಲ್ಲಿ ಕಪ್ಪುಬಿಳುಪಿಗೆ ಹಾಕಿ 150ರಿಂದ 200 ಡಿಪಿಐ (ಚಿತ್ರದ ಸ್ಪಷ್ಟತೆಯ ಅಳತೆ) ಇಟ್ಟರೆ ಓದಲು ಸಾಕು.

ಮೂರನೆಯದು ಬಹಳ ಜನ ಬೀಳುವ ಹಳ್ಳ. ಮೂಡಲ್‌ನಂಥ ಆನ್‌ಲೈನ್ ಕಲಿಕಾ ವ್ಯವಸ್ಥೆಯಲ್ಲಿ ಫೈಲ್ ಹಾಕಿ ಸೇವ್ ಒತ್ತಿದೊಡನೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಕೋರ್ಸ್‌ನ ಸೆಟ್ಟಿಂಗ್ ಹಾಗಿದ್ದರೆ ಅದು ಇನ್ನೂ ಕರಡು, ಸಲ್ಲಿಕೆಯಾಗಿಲ್ಲ. ಕೆಳಗೆ ಸಬ್‌ಮಿಟ್ ಅಸೈನ್‌ಮೆಂಟ್ ಎಂಬ ಇನ್ನೊಂದು ಗುಂಡಿ ಇರುತ್ತದೆ. ಅದನ್ನು ಒತ್ತಿ, ಇದು ನನ್ನ ಸ್ವಂತ ಕೆಲಸ ಎಂಬ ಹೇಳಿಕೆಗೆ ಟಿಕ್ ಹಾಕಿ, ದೃಢೀಕರಿಸಿದ ಮೇಲೇ ಸ್ಥಿತಿ ಬದಲಾಗುವುದು. ಆ ಪುಟದ ಸ್ಕ್ರೀನ್‌ಶಾಟ್ ತೆಗೆದು, ಬಂದ ಇಮೇಲ್ ರಸೀದಿಯ ಜೊತೆ ಒಂದೇ ಫೋಲ್ಡರ್‌ನಲ್ಲಿಡಿ. ಸಲ್ಲಿಸಿದ ಫೈಲನ್ನು ಪೋರ್ಟಲ್‌ನಿಂದಲೇ ಇಳಿಸಿಕೊಂಡು ಒಮ್ಮೆ ತೆರೆದು ನೋಡಿ. ಹೆಸರು ಒಂದೇ ಥರ ಇದ್ದ ಹಳೆಯ ಪ್ರತಿ ಹೋಗಿರುವುದು ಅಪರೂಪವೇನಲ್ಲ. ಇದನ್ನೆಲ್ಲ ಸಂಜೆ ಏಳರೊಳಗೆ ಮುಗಿಸಿದರೆ ಇಂಟರ್‌ನೆಟ್ ಕೈಕೊಟ್ಟರೂ ಫೋನಿನ ಹಾಟ್‌ಸ್ಪಾಟ್ ಹುಡುಕಲು ಹೊತ್ತಿರುತ್ತದೆ.

ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಓದುವವರಿಗೆ ಪರೀಕ್ಷೆಯ ಭಾನುವಾರ ಇನ್ನೂ ಕಠಿಣ. ಮನೆಯಿಂದ ಬರೆಯುವ ಪರೀಕ್ಷೆಯ ವೇಳೆ ಬೇರೇನನ್ನೂ ತೆರೆಯಲು ಬಿಡದ ಲಾಕ್‌ಡೌನ್ ಬ್ರೌಸರ್ ಇನ್‌ಸ್ಟಾಲ್ ಮಾಡಲು ಅಡ್ಮಿನ್ ಅನುಮತಿ ಬೇಕಾಗಬಹುದು. ಕಂಪನಿ ಅದನ್ನು ಕೊಡದಿರಬಹುದು, ಕೊಟ್ಟರೂ ವಿಪಿಎನ್ ಮತ್ತು ದೂರದಿಂದ ಪರದೆ ನೋಡುವ ತಂತ್ರಾಂಶಗಳು ಹಿನ್ನೆಲೆಯಲ್ಲಿ ಓಡುತ್ತಿದ್ದರೆ ಪರೀಕ್ಷಾ ವ್ಯವಸ್ಥೆ ತಡೆಯಬಹುದು. ಸ್ವಂತ ಯಂತ್ರವೇ ಬೇಕು. ಪರೀಕ್ಷೆಗೆ ಒಂದು ವಾರ ಮೊದಲು ಅದೇ ಕೋಣೆ, ಅದೇ ಇಂಟರ್‌ನೆಟ್, ಅದೇ ಹೊತ್ತಿನಲ್ಲಿ ಅಣಕು ಪರೀಕ್ಷೆ ತೆಗೆದುಕೊಳ್ಳಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕ್ಯಾಮೆರಾ ಗುರುತು ಹಿಡಿಯುವುದಿಲ್ಲ, ದೀಪ ಮುಖದ ಮುಂದಿರಲಿ. ಎರಡನೇ ಮಾನಿಟರ್‌ನ ಕೇಬಲ್ ಕಿತ್ತಿಡಿ. ವಿಂಡೋಸ್ ಅಪ್‌ಡೇಟ್ ಹಿಂದಿನ ದಿನವೇ ಮುಗಿಸಿಬಿಡಿ.

ಎಷ್ಟು ಹೊಂದಿಸಿಕೊಂಡರೂ ತಿಂಗಳ ಕೊನೆಯ ಲೆಕ್ಕ ಮುಗಿಸುವ ವಾರವೋ, ಹೊಸ ತಂತ್ರಾಂಶ ಜಾರಿಗೆ ಬರುವ ವಾರವೋ ಗಡುವಿನ ಮೇಲೇ ಬಂದು ಬೀಳುತ್ತದೆ. ಸೆಮಿಸ್ಟರ್‌ನ ವೇಳಾಪಟ್ಟಿ ಸಿಕ್ಕಿದ ದಿನವೇ ಅದನ್ನು ಕೆಲಸದ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ಇಂಥ ವಾರಗಳನ್ನು ಗುರುತಿಸಿ, ಆಗಲೇ ರಜೆ ಕೇಳಿ. ಎರಡು ತಿಂಗಳು ಮೊದಲು ಕೇಳಿದ ಒಂದು ದಿನದ ರಜೆಗೆ ಮ್ಯಾನೇಜರ್ ಸುಲಭವಾಗಿ ಒಪ್ಪುತ್ತಾರೆ, ಹಿಂದಿನ ದಿನ ಕೇಳಿದರೆ ಅವರಿಗೂ ಇಕ್ಕಟ್ಟು. ಅಷ್ಟಾದರೂ ಆಗದಿದ್ದರೆ ಗಡುವು ಮುಗಿಯುವ ಮೊದಲೇ ಬೋಧಕರಿಗೆ ಬರೆಯಿರಿ. ಎಷ್ಟು ಕೆಲಸ ಆಗಿದೆ, ಇನ್ನೆಷ್ಟು ದಿನ ಬೇಕು ಎಂದು ಎರಡೇ ಸಾಲಲ್ಲಿ ಹೇಳಿ, ಕರಡನ್ನು ಜೊತೆಗಿಡಿ. ಗಡುವು ದಾಟಿದ ಮೇಲಿನ ಕಾರಣಗಳಿಗೆ ಬೆಲೆ ಕಡಿಮೆ. ವಿಸ್ತರಣೆ ಸಿಗದಿದ್ದರೆ ಅಪೂರ್ಣವಾದದ್ದನ್ನೇ ಸಲ್ಲಿಸುವುದು ಲೇಸು. ದಿನಕ್ಕೆ ಒಟ್ಟು ಅಂಕದ ಶೇ 10 ಕಡಿತವಿರುವಲ್ಲಿ 75 ಬರುವ ಉತ್ತರ ಮೂರು ದಿನ ತಡವಾದರೆ 45ಕ್ಕೆ ಇಳಿಯುತ್ತದೆ. ಕೊನೆಯ ಭಾಗ ಬಿಟ್ಟು ಸಮಯಕ್ಕೆ ಕೊಟ್ಟದ್ದಕ್ಕೆ 60 ಬಂದರೂ ಲಾಭವೇ.

ಇಂಥ ಭಾನುವಾರಗಳು ಸಾಲಾಗಿ ಬರತೊಡಗಿದರೆ ವಿಶ್ವವಿದ್ಯಾಲಯದ ಕ್ಯಾಲೆಂಡರ್‌ನಲ್ಲಿ ಕೋರ್ಸ್ ಕೈಬಿಡುವ ಕೊನೆಯ ದಿನಾಂಕ ನೋಡಿ. ಅದರೊಳಗೆ ಬಿಟ್ಟರೆ ಅಂಕಪಟ್ಟಿಗೆ ಪೆಟ್ಟಾಗದಂತೆ, ಕೆಲವೆಡೆ ಶುಲ್ಕದ ಭಾಗವೂ ಮರಳುವಂತೆ ನಿಯಮಗಳಿರುತ್ತವೆ. ಅದು ದಾಟಿದ ಮೇಲೆ ಬಿಟ್ಟರೆ ಅನುತ್ತೀರ್ಣ ಎಂದೇ ದಾಖಲಾಗಬಹುದು. ಎರಡು ಕೋರ್ಸ್‌ಗಳಲ್ಲಿ ಒಂದನ್ನು ಕೈಬಿಟ್ಟು ಉಳಿದದ್ದನ್ನು ಚೆನ್ನಾಗಿ ಮುಗಿಸಿದವರಿಗೆ ಪದವಿ ಪಡೆಯಲು ಒಂದು ಸೆಮಿಸ್ಟರ್ ಹೆಚ್ಚು ಹಿಡಿಯಬಹುದು, ಆದರೆ ಫೇಲಾದ ಕೋರ್ಸ್‌ಗೆ ಮತ್ತೆ ಶುಲ್ಕ ಕಟ್ಟಿ ಅದೇ 125 ಗಂಟೆ ಮತ್ತೆ ಕೂರುವುದು ಅವರಿಗೆ ತಪ್ಪುತ್ತದೆ.