ಸ್ಯಾಂಡ್‌ಪೇಪರ್ ಕವರ್ ಮಾಡ್ಲಿಕ್ಕೆ ಹೋದದ್ದು, ಇಲ್ಲಿವರೆಗೆ

ಜೂನ್ 7
ಭಾವ ದುಬೈಯಿಂದ ಬರುವಾಗ ಒಂದು ಎಲ್‌ಪಿ ತಂದ್ರು. ಅಲ್ಲಿ ಯಾವುದೋ ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಕವರ್ ಇಲ್ಲ ಅಂತ ಮೂಲೆಗೆ ಹಾಕಿದ್ದಂತೆ, "ನೀನು ಹೇಗೂ ಇಂಥದ್ದೆಲ್ಲ ಹೆಕ್ಕುವವ ಅಲ್ವಾ" ಅಂತ ಕೊಟ್ರು. ಬರೀ ಬಿಳಿ ಕಾಗದದ ಚೀಲ, ಒಳಗೆ ರೆಕಾರ್ಡ್, ಅದರ ನಡುವಿನ ಲೇಬಲ್‌ನಲ್ಲಿ ದ ಡುರುಟ್ಟಿ ಕಾಲಂ ಅಂತ ಬ್ಯಾಂಡಿನ ಹೆಸರು. ಈ ಹೆಸರು ನಾನು ಜನ್ಮದಲ್ಲಿ ಕೇಳಿದ್ದಿಲ್ಲ.

ಹಾಕಿದೆ. ಮೊದಲು ಹಕ್ಕಿ ಚಿಲಿಪಿಲಿ. ಹೊರಗೆ ಜೋರು ಮಳೆ, ಅಡುಗೆಮನೆಯಿಂದ ಅಮ್ಮ "ಇಷ್ಟು ಮಳೆಗೆ ಎಂತ ಹಕ್ಕಿ ಮಾರಾಯ" ಅಂತ ಕೇಳಿದ್ರು. ಆಮೇಲೆ ನೋಡಿದ್ರೆ ಅದು ಹಕ್ಕಿಯೇ ಅಲ್ಲ, ಮಾರ್ಟಿನ್ ಹ್ಯಾನೆಟ್ ಅಂತ ಪ್ರೊಡ್ಯೂಸರ್ ಮಷೀನಲ್ಲಿ ಮಾಡಿದ ಶಬ್ದ. ಅದರ ಮೇಲೆ ಒಂದೇ ಒಂದು ಗಿಟಾರ್, ಎಕೋ ಹಾಕಿದ್ದು, ನೀರಲ್ಲಿ ಬಿಟ್ಟ ಬಣ್ಣದ ಹಾಗೆ ಹರಡ್ತಾ ಹೋಗ್ತದೆ. ಹಾಡೇ ಇಲ್ಲ. ಇದಕ್ಕೆ ಆಂಬಿಯೆಂಟ್ ಪಾಪ್, ಅಂದ್ರೆ ಸುತ್ತ ಮೆಲ್ಲ ತೇಲುವಂಥ ಸಂಗೀತ, ಅಂತೀರೋ ಎಂತ ಅಂತೀರೋ ನಿಮಗೆ ಬಿಟ್ಟದ್ದು, ನಾನಂತೂ ಆ ರಾತ್ರಿ ಮೂರು ಸಲ ತಿರುಗಿಸಿ ಹಾಕಿದೆ.

ಜೂನ್ 10
ಬ್ಯಾಂಡಿನ ಬಗ್ಗೆ ಹುಡುಕಿದೆ. ಊರು ಮ್ಯಾಂಚೆಸ್ಟರ್, ಆಲ್ಬಂ 1980ರದ್ದು, ಹೊರತಂದದ್ದು ಫ್ಯಾಕ್ಟರಿ ಅನ್ನುವ ರೆಕಾರ್ಡ್ ಕಂಪೆನಿ. ಬ್ಯಾಂಡ್ ಅಂತ ಹೆಸರಿಗೆ ಮಾತ್ರ, ರೆಕಾರ್ಡ್ ಮಾಡುವ ಹೊತ್ತಿಗೆ ಉಳಿದದ್ದು ಗಿಟಾರ್ ನುಡಿಸುವ ವಿನಿ ರೈಲಿ ಒಬ್ಬರೇ. ಹೆಸರು ಬಂದದ್ದು ಸ್ಪೇನಿನ ಅಂತರ್ಯುದ್ಧದಲ್ಲಿ ಡುರ್ರುಟಿ ಅನ್ನುವವರು ಕಟ್ಟಿದ ಪಡೆಯಿಂದ, ಅದನ್ನೂ ಸ್ಪೆಲ್ಲಿಂಗ್ ತಪ್ಪಿಯೇ ಇಟ್ಟದ್ದು!

ಆದರೆ ನನ್ನ ತಲೆ ಕೆಟ್ಟದ್ದು ಕವರಿಂದ. ಮೊದಲು ಬಂದ ಪ್ರತಿಗಳಿಗೆ ಕವರ್ ಸ್ಯಾಂಡ್‌ಪೇಪರಿನದ್ದಂತೆ, ಒರಟು ಮೈ ಹೊರಗೆ, ಕಪಾಟಲ್ಲಿ ಪಕ್ಕ ಇಟ್ಟ ರೆಕಾರ್ಡಿನ ಕವರೆಲ್ಲ ಗೀರಿ ಹಾಳಾಗಲಿ ಅಂತ. ಅಂಟಿಸಿದ್ದು ಅದೇ ಕಂಪೆನಿಯ ಇನ್ನೊಂದು ಬ್ಯಾಂಡ್ ಜಾಯ್ ಡಿವಿಷನ್‌ನವರು ಕೂತು, ಅದರಲ್ಲೂ ಹೆಚ್ಚಿನ ಕೆಲಸ ಅವರ ಹಾಡುಗಾರ ಇಯಾನ್ ಕರ್ಟಿಸ್ ಮಾಡಿದ್ದು ಅಂತ ಹೇಳ್ತಾರೆ. ಇಷ್ಟು ಮೆತ್ತಗಿನ ಸಂಗೀತಕ್ಕೆ ಇಂಥ ಪೋಕ್ರಿ ಕವರ್. ನನ್ನದಕ್ಕೆ ಕವರೇ ಇಲ್ಲ. ಹಾಗಾದ್ರೆ ನಾನೇ ಮಾಡುದು ಅಂತ ಆಯ್ತು.

ಜೂನ್ 14
ಬಂದರಿನ ಹಾರ್ಡ್‌ವೇರ್ ಅಂಗಡಿ. ಸ್ಯಾಂಡ್‌ಪೇಪರ್ ಎಂತಕ್ಕೆ ಅಂತ ಕೇಳಿದ್ರು, ಸುಮ್ಮನೆ "ಬಾಗಿಲಿಗೆ" ಅಂದೆ. ನಂಬರ್ ದೊಡ್ಡದಾದಷ್ಟು ನಯ, ನನಗೆ ಗೀರುವಂಥದ್ದೇ ಬೇಕಿತ್ತು, 80 ತಗೊಂಡೆ. ಮನೆಗೆ ಬಂದು ಅಳೆದ್ರೆ ಶೀಟ್ 9 ಇಂಚು ಅಗಲ 11 ಇಂಚು ಉದ್ದ, ಕವರಿಗೆ ಬೇಕಾದ್ದು ಹನ್ನೆರಡೂ ಚಿಲ್ಲರೆ. ಅಂಗಡಿಯಲ್ಲೇ ಅಳೆಯುವ ಬುದ್ಧಿ ಬೇಡ್ವಾ! ಎರಡು ಶೀಟ್ ಜೋಡಿಸಿ ನೋಡಿದೆ, ನಡುವೆ ಗೆರೆ ಬಂದು ಹರಿದ ಲುಂಗಿಗೆ ತೇಪೆ ಹಾಕಿದ ಹಾಗೆ ಕಂಡಿತು.

ಪುನಃ ಹೋದೆ. ನೆಲ ಪಾಲಿಶ್ ಮಾಡುವ ಮಷೀನಿಗೆ ಹಾಕುವ ರೋಲ್ ಉಂಟು, 12 ಇಂಚು ಅಗಲ, ಮೀಟರ್ ಲೆಕ್ಕದಲ್ಲಿ ಕೊಡ್ತಾರೆ. ಆದ್ರೂ ಒಂದು ಸೆಂಟಿಮೀಟರ್ ಸಾಲುದಿಲ್ಲ. ಸಾಯ್ಲಿ, ಮೇಲೆ ಕೆಳಗೆ ಅರ್ಧ ಅರ್ಧ ಸೆಂಟಿಮೀಟರ್ ರಟ್ಟು ಕಾಣ್ಲಿ, ಫೋಟೋಗೆ ಫ್ರೇಮ್ ಹಾಕಿದ ಹಾಗೆ ಅಂದ್ಕೊಂಡೆ.

ಜೂನ್ 21
ಫೇಲ್. ಪುಸ್ತಕ ಬೈಂಡ್ ಮಾಡುವವರ ಹತ್ರ ತೆಳು ಸ್ಟ್ರಾಬೋರ್ಡ್ ತಂದು, ಮರಕ್ಕೆ ಹಾಕುವ ಬಿಳಿ ಗಮ್ ಸವರಿ ಅಂಟಿಸಿ, ಮೇಲೆ ರುಬ್ಬುವ ಕಲ್ಲಿನ ಗುಂಡು ಇಟ್ಟು ಮಲಗಿದೆ. ಬೆಳಿಗ್ಗೆ ನೋಡಿದ್ರೆ ಹಪ್ಪಳ ಸೊಟ್ಟಗಾದ ಹಾಗೆ ನಾಲ್ಕೂ ಮೂಲೆ ಮೇಲೆ! ಆ ಗಮ್ಮಲ್ಲಿ ನೀರು, ಕಾಗದ ನೀರು ಕುಡಿದು ಉಬ್ಬಿತು, ಒಣಗುವಾಗ ರಟ್ಟನ್ನೂ ಎಳ್ಕೊಂಡು ಹೋಯ್ತು. ಮಳೆಗಾಲದಲ್ಲಿ ನಮ್ಮಲ್ಲಿ ಟವೆಲೇ ಎರಡು ದಿನಕ್ಕೆ ಒಣಗುದಿಲ್ಲ, ಇನ್ನು ಇದು ಒಣಗ್ತದಾ? ಗುಂಡಿನ ಅಡಿಯಲ್ಲಿ ಗೀರು ಬಿತ್ತು ಅಂತ ಅಮ್ಮನ ಬೈಗುಳ ಬೇರೆ.

ಜೂನ್ 29
ಈ ಸಲ ಚಪ್ಪಲಿಗೆ ಹಾಕುವ ಹಳದಿ ಗಮ್. ಎರಡೂ ಕಡೆ ತೆಳುವಾಗಿ ಸವರುದು, ಹತ್ತು ಹದಿನೈದು ನಿಮಿಷ ಬಿಡುದು, ಬೆರಳಿಗೆ ಅಂಟದಷ್ಟು ಆದ ಮೇಲೆ ಕೂಡಿಸುದು. ಒಮ್ಮೆ ಮುಟ್ಟಿದ್ರೆ ಮುಗೀತು, ಜರುಗಿಸ್ಲಿಕ್ಕೆ ಆಗುದಿಲ್ಲ. ಹಾಗಾಗಿ ನಡುವೆ ನ್ಯೂಸ್‌ಪೇಪರ್ ಇಟ್ಟು, ಒಂದು ಬದಿಯಿಂದ ಅದನ್ನು ಮೆಲ್ಲ ಎಳೀತಾ ಒತ್ತಿಕೊಂಡು ಹೋದೆ. ಕತ್ತರಿಸುದು ಹಿಂಬದಿಯಿಂದ, ಮುಂದಿಂದ ಕೊಯ್ದ್ರೆ ಕಟ್ಟರ್ ಬ್ಲೇಡ್ ಒಂದೇ ಎಳೆತಕ್ಕೆ ಮೊಂಡು, ಇದು ಮೂರು ಬ್ಲೇಡ್ ಕೊಟ್ಟು ಕಲಿತದ್ದು.

ಮುಂದಿನ ಬದಿ ಚಪ್ಪಟೆ ಕೂತಿದೆ. ಬೆರಳ ತುದಿ ಸವೆದು ಫೋನ್ ನನ್ನ ಫಿಂಗರ್‌ಪ್ರಿಂಟ್ ತಗೊಳ್ತಾ ಇಲ್ಲ. ನಾನು ಮಾಡಿದ್ದು ಒಂದು, ಅದೂ ಅರ್ಧ. ಆ ಜಾಯ್ ಡಿವಿಷನ್‌ನವರು ರಾಶಿ ರಾಶಿ ಹೇಗೆ ಅಂಟಿಸಿದ್ರೋ.

ಜುಲೈ 6
ಹಿಂಬದಿಯೂ ಆಯ್ತು, ಒಂದು ಮೂಲೆ ಸ್ವಲ್ಪ ವಾರೆ, ನನಗೆ ಅಡ್ಡಿ ಇಲ್ಲ. ಒಳಗೆ ಪ್ಲಾಸ್ಟಿಕ್ ಚೀಲ ಹಾಕಿದ್ದೇನೆ, 80 ನಂಬರಿನ ಒಂದೇ ಕಾಳು ಉದುರಿ ರೆಕಾರ್ಡಿನ ಗೆರೆಗೆ ಬಿದ್ರೂ ಕಥೆ ಮುಗೀತು.

ಆಮೇಲೆ ಕಪಾಟಲ್ಲಿ ಇಡ್ಲಿಕ್ಕೆ ಹೋದೆ. ಅಲ್ಲಿರುದು ಅಪ್ಪನ ಭಕ್ತಿಗೀತೆ ಎಲ್‌ಪಿಗಳು, ನಲವತ್ತು ವರ್ಷ ಒಂದು ಗೀರು ಬೀಳದ ಹಾಗೆ ಇಟ್ಟದ್ದು. ಅಪ್ಪ ಕವರನ್ನು ಕೈಯಲ್ಲಿ ಹಿಡಿದು, ಒಮ್ಮೆ ಉಗುರು ಉಜ್ಜಿ ನೋಡಿದ್ರು. "ಲಾಯ್ಕಾಗಿದೆ, ಇಲ್ಲಿ ಬೇಡ" ಅಂದ್ರು. ಅಷ್ಟೇ. ಈಗ ಅದು ಟೂಲ್ ಬಾಕ್ಸ್ ಪಕ್ಕ ನಿಂತಿದೆ, ಅಮ್ಮ ಅದಕ್ಕೊಂದು ಹಳೇ ಬೆಡ್‌ಶೀಟಿನ ಚೀಲ ಹೊಲೀತಾ ಇದ್ದಾರೆ, ಅಂದ್ರೆ ಕವರಿಗೆ ಕವರ್. ಅಕ್ಷರ ಕೊರೆದ ಸ್ಟೆನ್ಸಿಲ್ ಕತ್ತರಿಸಿ ಇಟ್ಟಾಗಿದೆ, ಕವರಿನ ಮೇಲೆ ಬ್ಯಾಂಡಿನ ಹೆಸರು ಸ್ಪ್ರೇ ಹೊಡೀಲಿಕ್ಕೆ ಒಂದು ಅರ್ಧ ದಿನ ಬಿಸಿಲು ಬೇಕು.