ಒಂದೂವರೆ ಅಡಿ ಗೋಡೆಯ ಮನೆಯಲ್ಲಿ ನೆಟ್ ಎಳೆದ ಕೆಲಸ: ಇಲ್ಲಿವರೆಗಿನ ಲೆಕ್ಕ

ನಮ್ಮ ಮನೆ ಇರುವುದು ಮೈಸೂರಿನ ಚಾಮರಾಜಪುರಂನಲ್ಲಿ. ತಾತ ಕಟ್ಟಿಸಿದ್ದು. ಇಟ್ಟಿಗೆ, ಗಾರೆ, ಒಂದೂವರೆ ಅಡಿ ದಪ್ಪದ ಗೋಡೆ. ಏಪ್ರಿಲ್ ಬಿಸಿಲಲ್ಲೂ ನಡುಮನೆ ತಣ್ಣಗಿರುತ್ತದೆ. ಆ ಗೋಡೆಗಳ ಮೇಲೆ ನನಗೆ ತುಂಬ ಪ್ರೀತಿ. ಆದರೆ ವೈಫೈ ಅವುಗಳನ್ನು ದಾಟುವುದಿಲ್ಲ.

ಎರಡು ಕೆಲಸ ಮಾಡಬೇಕಿತ್ತು. ಒಂದು, ಮನೆಯ ಎಲ್ಲ ಕೋಣೆಗೂ ಸರಿಯಾದ ನೆಟ್ ಮುಟ್ಟಿಸುವುದು. ಇನ್ನೊಂದು, ಅಪ್ಪನ ಟ್ರಂಕಿನಲ್ಲಿರುವ 41 ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಮನೆಯ ಯಾವ ಮೂಲೆಯಲ್ಲಿ ಬೇಕಾದರೂ ಕೇಳುವ ಹಾಗೆ ಮಾಡುವುದು. ಅದರಲ್ಲಿ ಅಜ್ಜಿ ಹಾಡಿದ ಸೋಬಾನೆ ಪದಗಳಿವೆ. ಅಜ್ಜಿ ಈಗ ಇಲ್ಲ. ಟೇಪು ಕೂಡ ಜಾಸ್ತಿ ದಿನ ಇರುವುದಿಲ್ಲ. ಅದಕ್ಕೇ ಈ ಬೇಸಿಗೆಯಲ್ಲೇ ಶುರು ಮಾಡಿದೆ.

ಏಪ್ರಿಲ್ 5

ಮೊದಲು ಅಳತೆ. ನಮ್ಮದು 100 ಎಂಬಿಪಿಎಸ್ ಫೈಬರ್ ಪ್ಲಾನ್. ರೌಟರ್ ಜಗುಲಿ ಪಕ್ಕದ ಕೋಣೆಯಲ್ಲಿದೆ. ಲ್ಯಾಪ್‌ಟಾಪಿಗೆ ನೇರ ವೈರ್ ಹಾಕಿದರೆ ಹತ್ತಿರತ್ತಿರ ನೂರು ಬರುತ್ತದೆ. ನಡುಮನೆಯಲ್ಲಿ 38. ಅಡುಗೆಮನೆಯಲ್ಲಿ 6. ಮಹಡಿ ಕೋಣೆಯಲ್ಲಿ 3, ಅದೂ ನಿಂತರೆ ನಿಂತಿತು, ಹೋದರೆ ಹೋಯಿತು. ಫೋನಿನಲ್ಲಿ ಸಿಗ್ನಲ್ ತೋರಿಸುವ ಆಪ್ ಹಾಕಿ ನೋಡಿದೆ. ರೌಟರ್ ಪಕ್ಕ ಮೈನಸ್ 45 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು) ಇದ್ದದ್ದು ಅಡುಗೆಮನೆಯಲ್ಲಿ ಮೈನಸ್ 82ಕ್ಕೆ ಇಳಿದಿತ್ತು. ಮೈನಸ್ 67ರ ಆಸುಪಾಸು ಇದ್ದರೆ ವಿಡಿಯೊ ಕಾಲ್ ನೆಮ್ಮದಿಯಾಗಿ ನಡೆಯುತ್ತದೆ. 82 ಅಂದರೆ ಬರೀ ಹೆಸರಿಗೆ ನೆಟ್.

ಇದಕ್ಕೆ ಮುಂಚೆ ನಮ್ಮ ನೆಟ್ ಕಂಪನಿಗೆ ಫೋನ್ ಮಾಡಿ ಅಡುಗೆಮನೆಯ ಕಷ್ಟ ಹೇಳಿದ್ದೆ. 'ಸರ್, 300ರ ಪ್ಲಾನಿಗೆ ಹೋಗಿ, ಸರಿಹೋಗುತ್ತೆ' ಅಂದರು. ಈ ಮಾತಿಗೆ ನನಗೆ ನಿಜಕ್ಕೂ ಬೇಜಾರಾಯಿತು. ಮನೆ ಬಾಗಿಲಿಗೆ ಬರುವ ನೂರರಲ್ಲಿ ಆರು ಮಾತ್ರ ಅಡುಗೆಮನೆಗೆ ಹೋಗುತ್ತಿದೆ. ಬಾಗಿಲಿಗೆ ಮುನ್ನೂರು ತಂದು ಸುರಿದರೂ ಗೋಡೆ ಅದೇ ಗೋಡೆ ಅಲ್ವಾ? ಕಾವೇರಿ ನೀರು ಸಂಪಿನ ತನಕ ಚೆನ್ನಾಗಿ ಬರುತ್ತಿದ್ದು, ಮೇಲಿನ ಪೈಪು ಕಟ್ಟಿಕೊಂಡಿದ್ದರೆ ಯಾರೂ ಇನ್ನೊಂದು ನಲ್ಲಿ ಕನೆಕ್ಷನ್ ತೆಗೆದುಕೊಳ್ಳುವುದಿಲ್ಲ. ತಿಂಗಳು ತಿಂಗಳು ಜಾಸ್ತಿ ದುಡ್ಡು ಕಟ್ಟುವ ಮುಂಚೆ ದಯವಿಟ್ಟು ರೌಟರಿಗೆ ವೈರ್ ಹಾಕಿ ಒಮ್ಮೆ ಅಳೆದು ನೋಡಿ. ಅಲ್ಲಿ ಸರಿ ಇದ್ದರೆ ಕೆಲಸ ಇರುವುದು ಮನೆಯೊಳಗೆ.

ಏಪ್ರಿಲ್ 9

ಗೆಳೆಯನಿಂದ ರಿಪೀಟರ್ (ವೈಫೈ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ) ಒಂದನ್ನು ತಂದು ನಡುಮನೆಯಲ್ಲಿ ಹಾಕಿದೆ. ಅಡುಗೆಮನೆಯಲ್ಲಿ 6 ಇದ್ದದ್ದು 14 ಆಯಿತು. ಆದರೆ ವಿಡಿಯೊ ಕಾಲಿನಲ್ಲಿ ಮಾತು ತಡವಾಗಿ ಬರುತ್ತಿತ್ತು. ಇಂಥ ಒಂದೇ ಬ್ಯಾಂಡಿನ (ಒಂದೇ ತರಂಗದ ಗುಂಪಿನ) ರಿಪೀಟರ್ ಕೇಳಿಸಿಕೊಂಡದ್ದನ್ನೇ ತಿರುಗಿ ಹೇಳಬೇಕು. ಕೇಳುವಾಗ ಹೇಳಲು ಆಗುವುದಿಲ್ಲ. ಹಾಗಾಗಿ ವೇಗ ಅರ್ಧಕ್ಕೆ ಬೀಳುತ್ತದೆ. ವಾಪಸ್ ಕೊಟ್ಟೆ.

ಅವತ್ತೇ ಸುತ್ತಮುತ್ತಲ ವೈಫೈಗಳನ್ನೂ ಎಣಿಸಿದೆ. 2.4 ಗಿಗಾಹರ್ಟ್ಸ್‌ನಲ್ಲಿ 14 ಮನೆಗಳ ವೈಫೈ ಕಾಣಿಸಿತು. ಈ ಬ್ಯಾಂಡಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಹೆಚ್ಚಿನವರು 6ರಲ್ಲಿದ್ದರು. ನಮ್ಮದನ್ನು 11ಕ್ಕೆ ಹಾಕಿದೆ. ಸ್ವಲ್ಪ ಸುಧಾರಿಸಿತು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಬೇಕಾದಷ್ಟಿದೆ, ಆದರೆ ನಮ್ಮ ಗೋಡೆಗಳನ್ನು ಅದು ದಾಟುವುದು ಇನ್ನೂ ಕಷ್ಟ. ವೈರ್ ಎಳೆಯುವುದೇ ದಾರಿ ಅಂತ ಗಟ್ಟಿಯಾಯಿತು.

ಏಪ್ರಿಲ್ 13

ದೇವರಾಜ ಅರಸು ರಸ್ತೆಯ ಕಡೆ ಹೋಗಿ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ವೈರ್ ತಂದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಅರ್ಧ ಬೆಲೆಗೆ ಸಿಗುವ ವೈರಿನಲ್ಲಿ ಒಳಗೆ ಇರುವುದು ಅಲ್ಯೂಮಿನಿಯಂ, ಮೇಲೆ ತಾಮ್ರದ ತೆಳು ಲೇಪ. ಬ್ಲೇಡಿನಿಂದ ಎಳೆಯೊಂದನ್ನು ಕೆರೆದು ನೋಡಿ. ಬೆಳ್ಳಗೆ ಕಂಡರೆ ಬೇಡ. ಬಗ್ಗಿಸಿದ ಕಡೆ ಮುರಿಯುತ್ತದೆ, ಎರಡು ವರ್ಷಕ್ಕೆ ಮತ್ತೆ ಕೆಲಸ. ಪೂರ್ತಿ ತಾಮ್ರದ್ದೇ ತೆಗೆದುಕೊಳ್ಳಿ. ಒಂದು ಎಳೆತ 100 ಮೀಟರ್ ತನಕ ಹೋಗಬಹುದು. ನಮ್ಮ ಮನೆಗೆ ಬೇಕಾದದ್ದು ಎಲ್ಲ ಸೇರಿ 38 ಮೀಟರ್.

ಅಮ್ಮ ಬಾಗಿಲಲ್ಲೇ ನಿಂತು, 'ತಾತನ ಗೋಡೆಗೆ ಡ್ರಿಲ್ ಗಿಲ್ ಹಾಕಬೇಡ ಕಣೋ' ಅಂದರು. ನನಗೂ ಅದೇ ಆಸೆ. ತಲೆ ಎತ್ತಿ ನೋಡಿದರೆ ದಾರಿ ಆಗಲೇ ಇತ್ತು. ಹಳೇ ಮನೆಗಳಲ್ಲಿ ಬಾಗಿಲಿನ ಮೇಲೆ ವೆಂಟಿಲೇಟರ್ ಇರುತ್ತದಲ್ಲ, ಅದರ ಮೂಲಕ ಕೇಬಲ್ ಟಿವಿಯ ಹಳೇ ಕರೀ ವೈರ್ ನಡುಮನೆಯಿಂದ ಮಹಡಿ ತನಕ ಹೋಗಿತ್ತು. ಎಷ್ಟೋ ವರ್ಷದಿಂದ ಸುಮ್ನೆ ಬಿದ್ದಿತ್ತು. ಅದರ ತುದಿಗೆ ಹೊಸ ವೈರನ್ನು ಟೇಪ್ ಸುತ್ತಿ ಕಟ್ಟಿದೆ. ಅಪ್ಪ ಮಹಡಿಯಿಂದ ನಿಧಾನಕ್ಕೆ ಎಳೆದರು, ನಾನು ಕೆಳಗಿಂದ ಬಿಟ್ಟೆ. ಹಳೇದು ಹೊರಗೆ ಬಂತು, ಹೊಸದು ಒಳಗೆ ಹೋಯಿತು. ಗೋಡೆಗೆ ಒಂದು ತೂತೂ ಬೀಳಲಿಲ್ಲ. ಕರೆಂಟ್ ವೈರಿನ ಜೊತೆಗೆ ಉದ್ದಕ್ಕೆ ಎಲ್ಲೂ ಓಡಿಸಲಿಲ್ಲ. ದಾಟಲೇಬೇಕಾದ ಒಂದು ಕಡೆ ಅಡ್ಡಡ್ಡ ದಾಟಿಸಿದೆ. ಉಳಿದ ಕಡೆ ಕೇಸಿಂಗ್ ಪಟ್ಟಿ.

ಏಪ್ರಿಲ್ 14

ಇಡೀ ದಿನ ಕ್ರಿಂಪಿಂಗ್, ಅಂದರೆ ವೈರಿನ ತುದಿಗೆ ಪ್ಲಗ್ ಕೂರಿಸುವ ಕೆಲಸ. ಎಳೆಗಳ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಸಂಜೆ ಹೊತ್ತಿಗೆ ಇದು ಮಗ್ಗಿಯ ಹಾಗೆ ಬಾಯಿಗೆ ಬಂದಿತ್ತು.

ಮಹಡಿಯ ವೈರ್ ಸಿಕ್ಕಿಸಿದರೆ ನೆಟ್ ಬಂತು. ಆದರೆ ಲಿಂಕ್ (ವೈರಿನ ವೇಗ) 1000 ಬರಬೇಕಾದದ್ದು 100 ಅಂತ ತೋರಿಸಿತು. ಪ್ಲಾನೇ ನೂರು, ಬಿಟ್ಟುಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಮನೆಯೊಳಗೆ ಸರ್ವರಿನಿಂದ (ಹಾಡುಗಳನ್ನು ಇಡಲಿರುವ ಕಂಪ್ಯೂಟರ್) ಫೈಲ್ ಕಳಿಸುವಾಗ ಬೇಕಾಗುವುದು ಈ ಸಾವಿರವೇ. ಯೋಚನೆ ಮಾಡಿದಾಗ ಕಾರಣ ಹೊಳೆಯಿತು. ವೈರಿನೊಳಗೆ ನಾಲ್ಕು ಜೋಡಿ ಎಳೆಗಳಿವೆ. ನೂರಕ್ಕೆ ಕಿತ್ತಳೆ, ಹಸಿರು ಎರಡೇ ಜೋಡಿ ಸಾಕು. ಸಾವಿರಕ್ಕೆ ನಾಲ್ಕೂ ಬೇಕು. ಅಂದರೆ ನೀಲಿ ಅಥವಾ ಕಂದಿನಲ್ಲಿ ಏನೋ ಸರಿ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಕಂದು ಎಳೆ ಪ್ಲಗ್ಗಿನ ತುದಿ ಮುಟ್ಟಿರಲಿಲ್ಲ. ಕತ್ತರಿಸಿ ಮತ್ತೆ ಮಾಡಿದೆ. ಸಾವಿರ ಬಂತು! ನಿಮ್ಮ ಮನೆಯಲ್ಲೂ ಲಿಂಕ್ ನೂರಕ್ಕೆ ನಿಂತಿದ್ದರೆ ಮೊದಲು ಈ ಎರಡು ಜೋಡಿ ನೋಡಿ.

ಏಪ್ರಿಲ್ 16

ಅಟ್ಟದ ಮೇಲಿದ್ದ ಎರಡು ಹಳೇ ರೌಟರ್‌ಗಳಿಗೆ ಮತ್ತೆ ಕೆಲಸ ಸಿಕ್ಕಿತು. ಎರಡರಲ್ಲೂ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿದೆ, ಬೇರೆ ಬೇರೆ ಐಪಿ (ನೆಟ್‌ವರ್ಕ್ ವಿಳಾಸ) ಕೊಟ್ಟೆ, ವೈರನ್ನು ಲ್ಯಾನ್ ಪೋರ್ಟಿಗೇ (ಮನೆಯೊಳಗಿನ ವೈರ್ ಹಾಕುವ ಕಿಂಡಿ) ಹಾಕಿದೆ. ಹೆಸರು, ಪಾಸ್‌ವರ್ಡ್ ಮೂರಕ್ಕೂ ಒಂದೇ. ಚಾನೆಲ್ ಬೇರೆ ಬೇರೆ. ಹೊಸ ಡಬ್ಬಿ ಒಂದನ್ನೂ ಕೊಳ್ಳಲಿಲ್ಲ. ಅಡುಗೆಮನೆ 93, ಮಹಡಿ 91.

ಏಪ್ರಿಲ್ 20

ಇದನ್ನು ಮೊದಲೇ ಯಾಕೆ ಮಾಡಲಿಲ್ಲ ಅನ್ನಿಸಿದ ಕೆಲಸ ಇದು. ಅಡುಗೆಮನೆಯಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಅಮ್ಮ ಫೋನ್ ಬಂದಾಗೆಲ್ಲ ಒಲೆ ಸಣ್ಣ ಮಾಡಿ ಹಿತ್ತಲಿಗೆ ಓಡುತ್ತಿದ್ದರು. ಟವರ್ ದೂರ ಇಲ್ಲ, ಗೋಡೆಯದೇ ತೊಂದರೆ. 5ಜಿ ಹೆಚ್ಚಾಗಿ ಓಡುವ 3.5 ಗಿಗಾಹರ್ಟ್ಸ್ ಸುತ್ತಲಿನ ತರಂಗ ಬಯಲಲ್ಲಿ ಬಲು ವೇಗ. ಆದರೆ ದಪ್ಪ ಗೋಡೆಯೊಳಗೆ 700, 850, 900 ಮೆಗಾಹರ್ಟ್ಸ್‌ನಷ್ಟು ಚೆನ್ನಾಗಿ ನುಗ್ಗುವುದಿಲ್ಲ. ಫೋನಿನ ಮೇಲೆ 5ಜಿ ಅಂತ ಬರೆದಿದ್ದರೂ ಒಳಗೆ ಮಾತು ಕೇಳಿಸದೇ ಇರುವುದಕ್ಕೆ ಇದೂ ಒಂದು ಕಾರಣ.

ಅಮ್ಮನ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದೆ. ಅಷ್ಟೇ. ನಮ್ಮ ದೇಶದಲ್ಲಿ ಇದು 2019ರ ಡಿಸೆಂಬರಿನಿಂದ ಇದೆ, ಏರ್‌ಟೆಲ್ ಮೊದಲು ತಂದಿತು, 2020ರ ಜನವರಿಯಲ್ಲಿ ಜಿಯೊ ತಂದಿತು. ಬೇರೆ ಆಪ್ ಬೇಡ, ಅದೇ ನಂಬರ್, ಮಾಮೂಲಿ ಕರೆ. ಕರೆ ಮಾತ್ರ ಟವರ್ ಬದಲು ಮನೆಯ ಫೈಬರಿನಲ್ಲಿ ಹೋಗುತ್ತದೆ. ಮಂಡ್ಯದಿಂದ ಅಕ್ಕ ಮಾಡಿದಾಗ ಅಮ್ಮ ಒಗ್ಗರಣೆ ಹಾಕುತ್ತಲೇ ಅರ್ಧ ಗಂಟೆ ಮಾತಾಡಿದರು. ಈ ಇಡೀ ಪ್ರಾಜೆಕ್ಟಿನಲ್ಲಿ ಅತಿ ಕಮ್ಮಿ ಕೆಲಸದ, ಅತಿ ಜಾಸ್ತಿ ಉಪಯೋಗದ ಬದಲಾವಣೆ ಇದೇ.

ಒಂದು ತೊಡಕಿತ್ತು. ಮೇ ತಿಂಗಳ ಗುಡುಗು ಮಳೆಗೆ ಕರೆಂಟ್ ಹೋದರೆ ರೌಟರ್ ಸಾಯುತ್ತದೆ, ಕರೆಯೂ ಹೋಗುತ್ತದೆ. 12 ವೋಲ್ಟಿನ ಸಣ್ಣ ಯುಪಿಎಸ್ ಒಂದನ್ನು ಫೈಬರ್ ಡಬ್ಬಿಗೂ ರೌಟರಿಗೂ ಸೇರಿಸಿ ಹಾಕಿದೆ. ಕೊಳ್ಳುವ ಮುಂಚೆ ಎರಡೂ ಅಡಾಪ್ಟರುಗಳ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ.

ಮೇ 2

ರಾತ್ರಿ ಫೈಬರ್ ಡಬ್ಬಿಯಲ್ಲಿ ಕೆಂಪು ದೀಪ. ದೂರು ಕೊಡುವ ಮುಂಚೆ ಬೀರುವಿನ ಹಿಂದೆ ಕೈ ಹಾಕಿದೆ. ಗುಡಿಸುವಾಗ ಬೀರು ಸರಿದು ಫೈಬರ್ ಮಡಚಿಕೊಂಡಿತ್ತು. ಗಾಜಿನ ಎಳೆ ಜೋರಾಗಿ ಬಗ್ಗಿದರೆ ಬೆಳಕು ಹೊರಗೆ ಸೋರಿಹೋಗುತ್ತದೆ. ಬಿಡಿಸಿ ದೊಡ್ಡ ಸುತ್ತು ಮಾಡಿ ಇಟ್ಟೆ, ಹಸಿರು ಬಂತು. ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಬೆಳಕಿನ ಬಲ ಮೈನಸ್ 20 ಡಿಬಿಎಂ ತೋರಿಸುತ್ತಿದೆ. ಮೈನಸ್ 27ರ ಹತ್ತಿರ ಹೋದರೆ ಕಷ್ಟ ಶುರು. ಈ ಸಂಖ್ಯೆಯನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.

ಮೇ 10

ಈಗ ಕ್ಯಾಸೆಟ್. ಅಪ್ಪ ಬೆಳಿಗ್ಗೆ ಎದ್ದರೆ ಇವತ್ತಿಗೂ ಮೊದಲು ಹಾಕುವುದು ಮೈಸೂರು ಆಕಾಶವಾಣಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೊ ಅದು. ಮನೆಯ ಕೋಣೆಯಿಂದ ಊರಿಗೇ ದನಿ ಮುಟ್ಟಿಸಿದರು. ಅದನ್ನು ನೆನೆದರೆ, ಒಂದು ಮನೆಯ ನಾಲ್ಕು ಕೋಣೆಗೆ ದನಿ ಮುಟ್ಟಿಸುವ ನನ್ನ ಕೆಲಸಕ್ಕೆ ಧೈರ್ಯ ಬರುತ್ತದೆ.

ಅಪ್ಪನ ಟ್ರಂಕಿನಲ್ಲಿ ರೇಡಿಯೊದಿಂದ ಹಿಡಿದ ಚಿಂತನಗಳು, ಒಂಟಿಕೊಪ್ಪಲು 8ನೇ ಕ್ರಾಸಿನ ಗಣೇಶೋತ್ಸವದ ಕಚೇರಿಗಳು, ಮದುವೆ ಮನೆ ಮಾತುಗಳು ಎಲ್ಲ ಇವೆ. ಕೆಲವಕ್ಕೆ ಬೂಸ್ಟು ಹಿಡಿದಿದೆ. ಟೇಪ್‌ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಮುಟ್ಟಿಸಿದ ಹತ್ತಿಯಿಂದ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲಷ್ಟೇ ತಿರುಗಿಸಿದಾಗ ಮಂಕಾಗಿದ್ದ ತಾಳದ ಶಬ್ದ ತಟ್ಟನೆ ತಿಳಿಯಾಯಿತು. ಹೆಡ್ಡು ಟೇಪಿಗೆ ಸರಿಯಾಗಿ ನೇರ ನಿಲ್ಲುವುದು ಅಷ್ಟು ಮುಖ್ಯ.

ಅಲ್ಲಿಂದ ಯುಎಸ್‌ಬಿ ಸೌಂಡ್ ಕಾರ್ಡ್, ಅಲ್ಲಿಂದ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. ಇದರಲ್ಲಿ ಅವಸರ ಮಾಡಲು ಆಗುವುದಿಲ್ಲ. ಸಿ-90 ಕ್ಯಾಸೆಟ್ ಅಂದರೆ ಒಂದು ಬದಿಗೆ 45 ನಿಮಿಷ, ಕೂತು ಕೇಳಲೇಬೇಕು. 44.1 ಕಿಲೊಹರ್ಟ್ಸ್, 16 ಬಿಟ್‌ನಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ. ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಮಾಡಿದರೆ ಹೆಚ್ಚುಕಮ್ಮಿ ಅರ್ಧ, ದನಿ ಒಂದಿಷ್ಟೂ ಕಳೆದುಹೋಗುವುದಿಲ್ಲ. ಶಬ್ದದ ಮಟ್ಟ ಎಷ್ಟೇ ಏರಿದರೂ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಟ್ಟಿದ್ದೇನೆ. 'ಸ್ಸ್' ಅನ್ನುವ ಸದ್ದನ್ನು ಮೂಲ ಫೈಲಿನಿಂದ ತೆಗೆಯುವುದಿಲ್ಲ. ತೆಗೆಯಲು ಹೋದರೆ ಅಜ್ಜಿಯ ಉಸಿರೂ ಹೋಗುತ್ತದೆ.

ಮೇ 18

ಹಳೇ ಲ್ಯಾಪ್‌ಟಾಪಿಗೆ ಜೆಲ್ಲಿಫಿನ್ ಹಾಕಿದೆ, ನಮ್ಮ ಹಾಡು, ವಿಡಿಯೊಗಳನ್ನು ಮನೆಯ ಟಿವಿ, ಫೋನುಗಳಿಗೆ ಕಳಿಸುವ ಸಾಫ್ಟ್‌ವೇರ್. ಪೂರ್ತಿ ಉಚಿತ, ತಿಂಗಳ ಬಾಡಿಗೆ ಇಲ್ಲ. ಓಟಿಟಿಯಲ್ಲಿ ಇವತ್ತಿರುವುದು ನಾಳೆ ಇರುವುದಿಲ್ಲ. ನಮ್ಮ ಅಜ್ಜಿ ಹಾಡಿದ ಪದ ಇಂಥ ಕಡೆಯೇ ಇರಬೇಕು, ನಮ್ಮ ಮನೆಯಲ್ಲಿ, ನಮ್ಮ ಡಿಸ್ಕಿನಲ್ಲಿ. ಲ್ಯಾಪ್‌ಟಾಪ್ 15 ವಾಟ್ ತಿನ್ನುತ್ತದೆ. ದಿನವಿಡೀ ಓಡಿದರೆ ತಿಂಗಳಿಗೆ 11 ಯೂನಿಟ್. ಕರೆಂಟ್ ಹೋದರೆ ಅದರ ಬ್ಯಾಟರಿಯೇ ಇದೆ.

ಟಿವಿಯ ಬಗ್ಗೆ ಒಂದು ವಿಷಯ ಕಲಿತೆ. ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟ್ ನೂರಕ್ಕೇ ನಿಲ್ಲುತ್ತದೆ, ನಮ್ಮದೂ ಅಷ್ಟೇ. ಪಕ್ಕದಲ್ಲೇ ರೌಟರ್ ಇದ್ದರೆ ಟಿವಿಗೆ ಮಾತ್ರ 5 ಗಿಗಾಹರ್ಟ್ಸ್ ವೈಫೈಯೇ ವಾಸಿ.

ಮೇ 25

ಒಂದೇ ಮನೆಯಲ್ಲಿ ಒಂದೇ ಪ್ರತಿ ಇರುವುದು ಸರಿಯಲ್ಲ. ಎರಡನೇ ಪ್ರತಿ ಮಂಡ್ಯದ ಅಕ್ಕನ ಮನೆಗೆ. ಹಳೇ ಫೋಟೊ, ವಿಡಿಯೊ ಎಲ್ಲ ಸೇರಿ 480 ಜಿಬಿ. ಅವರದು ತಾರಸಿ ಮೇಲಿನ 5ಜಿ ಡಬ್ಬಿ, ತಿಂಗಳಿಗೆ 1000 ಜಿಬಿ ಮಿತಿ. ಅದರಲ್ಲಿ ಅರ್ಧ ನಾನೇ ಮುಗಿಸುವುದು ನ್ಯಾಯ ಅಲ್ಲ. ಹಾರ್ಡ್ ಡಿಸ್ಕಿಗೆ ತುಂಬಿಸಿ ರೈಲಿನಲ್ಲಿ ಹೋಗಿ ಕೊಟ್ಟು ಬಂದೆ. ಇನ್ನು ಮುಂದೆ ಹೊಸದು ಮಾತ್ರ ನೆಟ್ ಮೂಲಕ, ಎರಡು ಕಂಪ್ಯೂಟರಿನ ಫೈಲುಗಳನ್ನು ಒಂದೇ ಹಾಗೆ ಇಡುವ ಸಿಂಕ್‌ಥಿಂಗ್‌ನಲ್ಲಿ ಹೋಗುತ್ತದೆ. ಎರಡೂ ಕಡೆ ಕಂಪನಿಯವರು ಒಂದು ಐಪಿಯನ್ನು ಹಲವು ಮನೆಗಳಿಗೆ ಹಂಚಿದ್ದಾರೆ, ಹೊರಗಿನಿಂದ ನೇರ ಒಳಗೆ ಬರಲು ಆಗುವುದಿಲ್ಲ. ದೂರದ ಕಂಪ್ಯೂಟರುಗಳನ್ನು ಬೆಸೆಯುವ ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಹಾಕಿದ ಮೇಲೆ ಎರಡು ಮನೆಯೂ ಒಂದೇ ನೆಟ್‌ವರ್ಕ್ ಆಯಿತು. ಭಾವ ಮೊದಲ ದಿನವೇ ತಮ್ಮ ಮದುವೆಯ ಆಲ್ಬಂ ಟಿವಿಯಲ್ಲಿ ಹಾಕಿ ಅತ್ತೆಯವರಿಗೆ ತೋರಿಸಿದರಂತೆ.

ಮೇ 31

ಅಜ್ಜಿಯ ಕ್ಯಾಸೆಟ್ ಇಳಿಸಿದ್ದು ನಿನ್ನೆ ರಾತ್ರಿ. ಇವತ್ತು ಬೆಳಿಗ್ಗೆ ಅಡುಗೆಮನೆಯ ಸ್ಪೀಕರಿನಲ್ಲಿ ಹಾಕಿದೆ. ಅಪ್ಪ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟರು. ಎರಡನೇ ಪದದ ನಡುವೆ ಅಜ್ಜಿ ಹಾಡು ನಿಲ್ಲಿಸಿ, 'ಆ ಮಗುನ ಎತ್ಕೊಳ್ರೇ' ಅನ್ನುತ್ತಾರೆ. 'ಆ ಮಗು ನಿಮ್ಮಕ್ಕ' ಅಂದರು ಅಪ್ಪ. ನಾನು ಅದನ್ನು ಫೈಲಿನ ಹೆಸರಿನ ಜೊತೆ ಬರೆದುಕೊಂಡೆ.

ಮುಗಿದದ್ದು 9. ಇನ್ನೂ 32 ಕ್ಯಾಸೆಟ್ ಬಾಕಿ. ಎರಡರಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸ್ಪಂಜು ಉದುರಿಹೋಗಿದೆ. ಅವುಗಳ ಟೇಪನ್ನು ಬೇರೆ ಕ್ಯಾಸೆಟ್‌ನ ಡಬ್ಬಿಗೆ ಬದಲಾಯಿಸಬೇಕು, ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಹುಡುಕುತ್ತಿದ್ದೇನೆ.